ಯೇಲ್ ಮನೆತನದ ಮರೆಯಾದ ಅಜ್ಜಿ

ಬಾಗಿಲಿಗೆ ಹಾಕುವ ಬೀಗಕ್ಕೂ ಜಗದ್ವಿಖ್ಯಾತವಾದ ಒಂದು ವಿಶ್ವವಿದ್ಯಾನಿಲಯಕ್ಕೂ ಏನು ಸಂಬಂಧ? ಚಪ್ಪಟೆಯಾದ, ಅಂಚು ಕೊರೆದ ಬೀಗದ ಕೈಯನ್ನು ದಿನವೂ ತಿರುಗಿಸುವವರಿಗೆ ಈ ಪ್ರಶ್ನೆ ಹೊಳೆಯುವುದು ಅಪರೂಪ. ಆ ಬಗೆಯ ಬೀಗವನ್ನು ರೂಪಿಸಿ 1861ರಲ್ಲಿಯೂ 1865ರಲ್ಲಿಯೂ ಪೇಟೆಂಟು ಪಡೆದ ಅಮೆರಿಕದ ಕುಶಲಿಯ ಹೆಸರು ಲೈನಸ್ ಯೇಲ್. ಅದೇ ದೇಶದ ನ್ಯೂ ಹೇವನ್ ನಗರದ ವಿಶ್ವವಿದ್ಯಾನಿಲಯದ ಹೆಸರೂ ಯೇಲ್. ಆ ವಿದ್ಯಾಲಯಕ್ಕೆ ಹೆಸರು ಕೊಟ್ಟವನು ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಗವರ್ನರನಾಗಿದ್ದ ಎಲಿಹು ಯೇಲ್.

ಇವೆಲ್ಲ ಒಂದೇ ಬುಡದಿಂದ ಒಡೆದ ಕೊಂಬೆಗಳು. ಕೊಂಬೆಗಳ ಹೆಸರು ಲೋಕಕ್ಕೆಲ್ಲ ಗೊತ್ತು. ಬುಡದಲ್ಲಿ ನಿಂತಿರುವವಳು ಒಬ್ಬ ಹೆಂಗಸು. ಆಕೆ ಹುಟ್ಟಿದಾಗ ಯೇಲ್ ಆಗಿರಲಿಲ್ಲ. ಕಣ್ಣು ಮುಚ್ಚಿದಾಗಲೂ ಯೇಲ್ ಆಗಿರಲಿಲ್ಲ. ಆದುದರಿಂದಲೇ ಆ ವಂಶವೃಕ್ಷವನ್ನು ಓದುವವರ ಕಣ್ಣು ಆಕೆಯ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಆಕೆಯ ಹೆಸರು ಆ್ಯನ್.

ಒಬ್ಬಳು, ಮೂರು ಮನೆತನ

ಗಂಡಸಿನ ವಂಶವನ್ನು ಹುಡುಕುವುದು ಕಷ್ಟವಲ್ಲ. ಹೆಸರನ್ನು ಹಿಡಿದು ಹಿಂದೆ ಹಿಂದೆ ನಡೆದರೆ ಸಾಕು. ಹೆಣ್ಣಿನ ವಂಶವನ್ನು ಹುಡುಕುವವನು ಪ್ರತಿ ಮದುವೆಯ ಬಳಿಯೂ ದಾರಿ ತಪ್ಪುತ್ತಾನೆ. ಆ್ಯನ್ ಮೂರು ಮನೆತನಗಳ ಹೆಸರನ್ನು ಹೊತ್ತವಳು. ತಂದೆಯ ಮನೆಯಲ್ಲಿ ಆಕೆ ಆ್ಯನ್ ಲಾಯ್ಡ್. ತಂದೆ ಜಾರ್ಜ್ ಲಾಯ್ಡ್ ವೇಲ್ಸ್ ಮೂಲದವನು. 1605ರಿಂದ 1615ರಲ್ಲಿ ಸಾಯುವವರೆಗೆ ಇಂಗ್ಲೆಂಡಿನ ಚೆಸ್ಟರ್ ನಗರದ ಬಿಷಪ್ಪನಾಗಿದ್ದವನು. ಆತನ ಹೆಸರಿನ ಮರದ ಕೆತ್ತನೆಯ ಮನೆ ಚೆಸ್ಟರಿನ ವಾಟರ್‌ಗೇಟ್ ಬೀದಿಯಲ್ಲಿ ಇಂದಿಗೂ ನಿಂತಿದೆ.

ಮೊದಲ ಮದುವೆಯಿಂದ ಆಕೆ ಆ್ಯನ್ ಯೇಲ್ ಆದಳು. ಗಂಡ ಥಾಮಸ್ ಯೇಲ್ ವೇಲ್ಸಿನ ರೆಕ್ಸಮ್ ಊರಿನ ಬಳಿಯ ಪ್ಲಾಸ್ ಗ್ರೋನೋ ಎಂಬ ಮನೆಯವನು. ‘ಯೇಲ್’ ಎಂಬುದು ವೇಲ್ಸಿನ ಒಂದು ಸೀಮೆಯ ಹೆಸರಿನ ಆಂಗ್ಲರೂಪ. ಡೇವಿಡ್, ಥಾಮಸ್, ಆ್ಯನ್ ಎಂಬ ಮೂವರು ಮಕ್ಕಳನ್ನು ಅವಳ ಮಡಿಲಲ್ಲಿ ಬಿಟ್ಟು ಗಂಡ 1619ರಲ್ಲಿ ತೀರಿಕೊಂಡ. ಕೆಲವು ವರ್ಷಗಳ ತರುವಾಯ ವಿಧವೆ ಲಂಡನ್ನಿನ ಧನಿಕ ವರ್ತಕನಾದ ಥಿಯೋಫಿಲಸ್ ಈಟನ್ನನನ್ನು ವರಿಸಿದಳು. ಆತನೂ ಹೆಂಡತಿಯನ್ನು ಕಳೆದುಕೊಂಡವನೇ. ಅವನಿಗೆ ಮೇರಿ ಎಂಬ ಮಗಳಿದ್ದಳು, ಮನೆಯಲ್ಲಿ ಮುದಿ ತಾಯಿಯಿದ್ದಳು. ಹೀಗೆ ಆ್ಯನ್ ಈಟನ್ ಎಂಬುದು ಆಕೆಯ ಮೂರನೆಯ ಹೆಸರು. ಚರಿತ್ರೆಯಲ್ಲಿ ಉಳಿದುದೂ ಅದೇ.

ಉಳಿಯಿತು ಎಂದರೆ ಎಷ್ಟು ಉಳಿಯಿತು? ಹೊಸ ಇಂಗ್ಲೆಂಡಿನ ಧರ್ಮಚರಿತ್ರೆಯನ್ನು 1702ರಲ್ಲಿ ಪ್ರಕಟಿಸಿದ ಪಾದ್ರಿ ಕಾಟನ್ ಮ್ಯಾಥರ್, ಥಿಯೋಫಿಲಸ್ ಈಟನ್ನನ ಜೀವನವನ್ನು ಬರೆಯುವಾಗ ಆತನ ಮಡದಿಯನ್ನು ಚೆಸ್ಟರಿನ ಬಿಷಪ್ಪನ ಮಗಳು, ವಿವೇಕವತಿಯಾದ ವಿಧವೆ ಎಂದು ಹೊಗಳುತ್ತಾನೆ. ಆದರೆ ಚೆಸ್ಟರಿಗೆ ಒಬ್ಬರಾದ ಮೇಲೊಬ್ಬರು ಬಿಷಪ್ಪರು ಬಂದುಹೋಗಿದ್ದಾರೆ. ಬರಿಯ ಪದವಿಯಿಂದ ತಂದೆ ಯಾರೆಂದು ತಿಳಿಯುವುದೆಂತು? ಇಂಥಲ್ಲಿ ವಂಶಶೋಧಕರಿಗೆ ನೆರವಾಗುವುದು ಚರಿತ್ರೆಯ ದೊಡ್ಡ ಗ್ರಂಥಗಳಲ್ಲ. 1538ರಿಂದ ಇಂಗ್ಲೆಂಡಿನ ಊರೂರ ಚರ್ಚುಗಳು ಬರೆದಿಡುತ್ತ ಬಂದ ಹುಟ್ಟು, ಮದುವೆ, ಸಾವುಗಳ ದಫ್ತರಗಳು, ಉಯಿಲುಗಳು, ಆಸ್ತಿಪಾಸ್ತಿಯ ಪಟ್ಟಿಗಳು. ಅವನ್ನು ಒಂದಕ್ಕೊಂದು ತಾಳೆ ನೋಡಿ, ಬಿಷಪ್ಪನ ಮಗಳು, ವಿಧವೆ, ಗವರ್ನರನ ಮಡದಿ ಮೂವರೂ ಒಬ್ಬಳೇ ಎಂದು ತೋರಿಸಬೇಕು.

ಕಡಲಾಚೆಯ ಹೊಸ ಊರು

ಈಟನ್ ಪ್ಯೂರಿಟನ್ ಪಂಥದವನು. ಇಂಗ್ಲೆಂಡಿನ ರಾಜಧರ್ಮದ ಒತ್ತಡ ಸಹಿಸದ ಆ ಜನ ಹಡಗು ಹಡಗಾಗಿ ಅಮೆರಿಕದತ್ತ ಹೊರಟಿದ್ದ ಕಾಲ ಅದು. ಬಾಲ್ಯದ ಗೆಳೆಯನಾದ ಪಾದ್ರಿ ಜಾನ್ ಡ್ಯಾವನ್‌ಪೋರ್ಟನ ಜೊತೆಗೂಡಿ, ಸಂಸಾರ ಸಮೇತನಾಗಿ ‘ಹೆಕ್ಟರ್’ ಎಂಬ ಹಡಗಿನಲ್ಲಿ 1637ರ ಜೂನಿನಲ್ಲಿ ಆತ ಬಾಸ್ಟನ್ ತಲುಪಿದ. ಮರುವರ್ಷ ಅವರೆಲ್ಲ ಕ್ವಿನಿಪಿಯಾಕ್ ಎಂಬ ಮೂಲನಿವಾಸಿಗಳ ನೆಲದಲ್ಲಿ ಊರು ಕಟ್ಟಿದರು. ಅದೇ ನ್ಯೂ ಹೇವನ್. ಈಟನ್ ಆ ವಸಾಹತಿನ ಮೊದಲ ಗವರ್ನರನಾಗಿ ಸಾಯುವವರೆಗೂ ಅದೇ ಪದವಿಯಲ್ಲಿದ್ದ.

ಗವರ್ನರನದು ದೊಡ್ಡ ಸಂಸಾರ. ಅತ್ತೆ, ಮಲಮಗಳು, ಮೊದಲ ಗಂಡನ ಮಕ್ಕಳು, ಎರಡನೆಯ ಮದುವೆಯ ಮಕ್ಕಳು, ಆಳುಕಾಳು ಎಲ್ಲರೂ ಒಂದೇ ಸೂರಿನಡಿ. ಆ ಆಳುಗಳಲ್ಲಿ ಆಫ್ರಿಕದ ಗುಲಾಮರೂ ಇದ್ದರು. ಅವರಲ್ಲೊಬ್ಬಳ ಹೆಸರು ಲುಕ್ರೀಷಿಯಾ ಎಂದು ದಾಖಲೆ ಹೇಳುತ್ತದೆ. ಒಡತಿಯ ಮೂರು ಮನೆತನಗಳನ್ನು ಹುಡುಕಿ ತೆಗೆಯಬಹುದು. ಈ ದಾಸಿಗೆ ಒಂದು ಮನೆತನವನ್ನೂ ಯಾರೂ ಬರೆದಿಡಲಿಲ್ಲ.

ಒಂದು ಪುಸ್ತಕ, ಒಂದು ವಿಚಾರಣೆ

ಎಲ್ಲವೂ ಸುಗಮವಾಗಿ ನಡೆದಿದ್ದರೆ ಆ್ಯನ್ ಈಟನ್ನಳ ಬಗೆಗೆ ಲೋಕಕ್ಕೆ ತಿಳಿಯುತ್ತಿದ್ದುದು ಮ್ಯಾಥರನ ಆ ಒಂದು ಹೊಗಳಿಕೆಯ ಮಾತಷ್ಟೇ. ಆಕೆಯ ಕೈಗೆ ಒಂದು ಪುಸ್ತಕ ಬಂತು. ಹಸುಗೂಸುಗಳಿಗೆ ಜ್ಞಾನಸ್ನಾನ ಮಾಡಿಸುವುದು ಶಾಸ್ತ್ರಸಮ್ಮತವಲ್ಲ, ಬುದ್ಧಿ ಬಲಿತು ನಂಬಿಕೆ ಹುಟ್ಟಿದ ಮೇಲೆಯೇ ಅದು ನಡೆಯಬೇಕು ಎಂದು ವಾದಿಸುವ ಪುಸ್ತಕ ಅದು. ಅದನ್ನು ಕೊಟ್ಟವಳು ಡೆಬೊರಾ ಮೂಡಿ ಎಂಬ ಇನ್ನೊಬ್ಬ ಕುಲೀನ ಮಹಿಳೆ. ಇದೇ ಅಭಿಪ್ರಾಯಕ್ಕಾಗಿ ಮ್ಯಾಸಚೂಸೆಟ್ಸ್ ಬಿಟ್ಟು ಹೊರಟು, ಇಂದಿನ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ಗ್ರೇವ್ಸೆಂಡ್ ಎಂಬ ಊರನ್ನು ನೆಲೆಗೊಳಿಸಿದ ಧೀರೆ.

ಆ್ಯನ್ ಪುಸ್ತಕವನ್ನು ಓದಿದಳು; ಓದಿದುದನ್ನು ನಂಬಿದಳು. ಒಂದು ಭಾನುವಾರ ಪ್ರಾರ್ಥನಾಮಂದಿರದಲ್ಲಿ ಬೋಧನೆ ಮುಗಿದು ಪ್ರಭುಭೋಜನದ ಸಂಸ್ಕಾರ ತೊಡಗುವ ಹೊತ್ತಿಗೆ ಗವರ್ನರನ ಹೆಂಡತಿ ಎದ್ದು ಹೊರಗೆ ನಡೆದಳು. ಅಪರಾಹ್ನ ಜ್ಞಾನಸ್ನಾನದ ವೇಳೆಗೂ ಹಾಗೆಯೇ ಮಾಡಿದಳು. ಊರೆಲ್ಲ ಕಣ್ಣರಳಿಸಿ ನೋಡಿತು. ಪಾದ್ರಿ ಡ್ಯಾವನ್‌ಪೋರ್ಟ್ ಪುಸ್ತಕವನ್ನು ತರಿಸಿಕೊಂಡು ಅದರ ವಾದವನ್ನು ಖಂಡಿಸಿದ. ಆಕೆಯ ಮನಸ್ಸು ಬದಲಾಗಲಿಲ್ಲ. ಸಂದೇಹ ಬಂದೊಡನೆ ಗಂಡನನ್ನಾಗಲಿ ಗುರುವನ್ನಾಗಲಿ ಕೇಳಲಿಲ್ಲವೆಂಬುದು ಪಾದ್ರಿಯ ದೊಡ್ಡ ದೂರು.

1644ರಲ್ಲಿ ಧರ್ಮಸಭೆ ಆಕೆಯನ್ನು ವಿಚಾರಣೆಗೆ ಕರೆಯಿತು. ಆದರೆ ಅಲ್ಲಿ ಓದಿದ ಆಪಾದನೆಗಳ ಪಟ್ಟಿ ಜ್ಞಾನಸ್ನಾನದ ಚರ್ಚೆಯಲ್ಲ. ಮನೆಯೊಳಗಿನ ಜಗಳಗಳ ಪಟ್ಟಿ. ಊಟದ ಮೇಜಿನ ಬಳಿ ಅತ್ತೆಯ ಕೆನ್ನೆಗೆ ಹೊಡೆದಳು, ಮಲಮಗಳನ್ನು ಮೈ ಕಂದುವಂತೆ ಚಿವುಟಿದಳು, ಆಳುಗಳ ಮೇಲೆ ಹರಿಹಾಯ್ದಳು. ಮನೆಯವರೇ ಸಾಕ್ಷಿ ನುಡಿದರು. ಈ ನಡತೆ ದಶಾಜ್ಞೆಗಳನ್ನು ಮೀರಿದುದೆಂದು ಸಭೆ ತೀರ್ಮಾನಿಸಿ ಪಶ್ಚಾತ್ತಾಪಕ್ಕೆ ಕಾಲಾವಕಾಶ ಕೊಟ್ಟಿತು. ಪಶ್ಚಾತ್ತಾಪ ಸಾಲದೆಂದು 1645ರಲ್ಲಿ ಆಕೆಯನ್ನು ಸಭೆಯಿಂದ ಬಹಿಷ್ಕರಿಸಿತು.

ಆಪಾದನೆಗಳೆಲ್ಲ ಸುಳ್ಳೆಂದು ಹೇಳಲು ಆಧಾರವಿಲ್ಲ. ಕೂಡು ಸಂಸಾರದ ಬಿಸಿಯನ್ನು ಬಲ್ಲವರು ಅತ್ತೆಯ ನೋವನ್ನೂ ಮೇರಿಯ ಕಣ್ಣೀರನ್ನೂ ಲಘುವಾಗಿ ಕಾಣಲಾರರು. ಆದರೆ ಆಕೆ ಮಂದಿರದಿಂದ ಎದ್ದು ನಡೆಯುವವರೆಗೆ ಈ ಜಗಳಗಳು ಮನೆಯ ಹೊಸ್ತಿಲು ದಾಟಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಒಂದು ವಿಚಿತ್ರವೆಂದರೆ, ಆಕೆಯನ್ನು ಖಂಡಿಸಲೆಂದು ಬರೆದಿಟ್ಟ ಆ ದಾಖಲೆಯೇ ಆಕೆಯನ್ನು ಉಳಿಸಿದೆ. ಸದ್ಗೃಹಿಣಿಯರಾಗಿ ಬಾಳಿದ ಎಷ್ಟೋ ನೆರೆಹೊರೆಯ ಹೆಂಗಸರ ಬದುಕಿಗೆ ಒಂದು ಸಾಲಿನ ಗುರುತೂ ಇಲ್ಲ. ಆ್ಯನ್ ಏನು ಓದಿದಳು, ಯಾರಿಂದ ತಂದಳು, ಯಾವಾಗ ಎದ್ದು ಹೋದಳು ಎಂಬುದು ಮಾತ್ರ ಇಂದಿಗೂ ತಿಳಿಯುತ್ತದೆ.

ಮಗಳ ಪಾಡು

ತಾಯಿಗೆ ಬಹಿಷ್ಕಾರವಾದ ಆ 1645ರಲ್ಲೇ ಮಗಳಿಗೆ ಇನ್ನೊಂದು ಬಗೆಯ ತೀರ್ಪು ಬಂತು. ತಾಯಿಯ ಹೆಸರನ್ನೇ ಹೊತ್ತ ಮಗಳು ಆ್ಯನ್, ಕನೆಕ್ಟಿಕಟ್ ವಸಾಹತಿನ ಗವರ್ನರ್ ಎಡ್ವರ್ಡ್ ಹಾಪ್ಕಿನ್ಸನ ಕೈಹಿಡಿದಿದ್ದಳು. ಆಕೆಗೆ ಚಿತ್ತಭ್ರಮೆಯಾಗಿದೆಯೆಂದು ಗಂಡ ಆಕೆಯನ್ನು ಬಾಸ್ಟನ್ನಿಗೆ ಕರೆತಂದು, ಚಿಕಿತ್ಸೆಗಾಗಿ ಅಲ್ಲಿ ವರ್ತಕನಾಗಿದ್ದ ಆಕೆಯ ಅಣ್ಣ ಡೇವಿಡ್ ಯೇಲನ ಮನೆಯಲ್ಲಿ ಬಿಟ್ಟ. ಮ್ಯಾಸಚೂಸೆಟ್ಸಿನ ಹಿರಿಯ ಮುಖಂಡ ಜಾನ್ ವಿನ್‌ತ್ರಪ್ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟು, ರೋಗಕ್ಕೆ ಕಾರಣವನ್ನೂ ತಾನೇ ನಿರ್ಣಯಿಸಿದ್ದಾನೆ. ಆತನ ಅಭಿಪ್ರಾಯದಲ್ಲಿ ಆಕೆ ಸದಾ ಓದು ಬರಹಗಳಲ್ಲಿ ಮುಳುಗಿದ್ದುದೇ ಕಾರಣ. ಅನೇಕ ಪುಸ್ತಕಗಳನ್ನೂ ಬರೆದಿದ್ದಳಂತೆ. ಹೆಂಗಸಿಗೆ ತಕ್ಕ ಮನೆಗೆಲಸವನ್ನು ನೋಡಿಕೊಂಡು, ಗಂಡಸರ ಬಲವಾದ ಬುದ್ಧಿಗೆ ಮೀಸಲಾದ ವಿಷಯಗಳಿಗೆ ಕೈಹಾಕದಿದ್ದರೆ ಬುದ್ಧಿ ನೆಟ್ಟಗಿರುತ್ತಿತ್ತೆಂದು ಆತನ ಷರಾ.

ಆಕೆ ಬರೆದುದರಲ್ಲಿ ಒಂದು ಹಾಳೆಯೂ ಉಳಿದಿಲ್ಲ. ಷರಾ ಉಳಿದಿದೆ. ಗಂಡ 1657ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ಆಕೆಯ ಯೋಗಕ್ಷೇಮಕ್ಕೆ ಉಯಿಲಿನಲ್ಲಿ ಏರ್ಪಾಡು ಮಾಡಿದ್ದ. ಆತ ವಿದ್ಯಾಭ್ಯಾಸಕ್ಕೆಂದು ಬಿಟ್ಟ ಹಣದಿಂದ 1660ರಲ್ಲಿ ನ್ಯೂ ಹೇವನ್ನಿನಲ್ಲಿ ಶಾಲೆಯೊಂದು ಹುಟ್ಟಿತು. ಹಾಪ್ಕಿನ್ಸ್ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಆ ಹೆಂಡತಿ 1698ರವರೆಗೆ ಬದುಕಿದ್ದಳು.

ತಾಯಿಯ ಬಾಳಿನ ಕೊನೆಯೂ ಹೃದಯ ಕಲಕುವಂಥದು. 1658ರ ಜನವರಿಯ ಒಂದು ರಾತ್ರಿ ಗಂಡನ ಮುಖ ಬಾಡಿದುದನ್ನು ಕಂಡು, ತಾಯ್ನಾಡಿಗೆ ಮರಳಿ ಹೋಗೋಣವೆಂದು ಆಕೆ ಕೇಳಿದಳಂತೆ. ನೀನು ಹೋಗಬಹುದು, ನಾನಾದರೋ ಇಲ್ಲಿಯೇ ಸಾಯುತ್ತೇನೆ ಎಂಬರ್ಥದ ಉತ್ತರ ಬಂತು. ಆಕೆ ಗಂಡನಿಂದ ಕೇಳಿದ ಕಡೆಯ ಮಾತು ಅದೇ ಎಂದು ಮ್ಯಾಥರ್ ಬರೆಯುತ್ತಾನೆ. ಈಟನ್ ಆ ರಾತ್ರಿಯೇ ತೀರಿಕೊಂಡ. ಆ್ಯನ್ ಇಂಗ್ಲೆಂಡಿಗೆ ಮರಳಿದಳು. ಮರುವರ್ಷವೇ ಲಂಡನ್ನಿನಲ್ಲಿ ಕಣ್ಣು ಮುಚ್ಚಿದಳು.

ಮೊಮ್ಮಗ ಮತ್ತು ಮದರಾಸು

ಹಿರಿಯ ಮಗ ಡೇವಿಡನಿಗೆ 1649ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಕೂಸೇ ಎಲಿಹು. ಎಳೆವೆಯಲ್ಲೇ ತಂದೆಯೊಡನೆ ಇಂಗ್ಲೆಂಡಿಗೆ ಹೋದ ಆತ ಹುಟ್ಟಿದ ನಾಡನ್ನು ಮತ್ತೆ ಕಾಣಲಿಲ್ಲ. 1672ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಮದರಾಸಿಗೆ ಬಂದು 1687ರಲ್ಲಿ ಗವರ್ನರನಾದ. 1680ರಲ್ಲಿ ಕೋಟೆಯ ಸೇಂಟ್ ಮೇರಿ ಚರ್ಚಿನಲ್ಲಿ ಕ್ಯಾಥರಿನ್ ಹಿನ್ಮರ್ಸ್ ಎಂಬ ವಿಧವೆಯನ್ನು ಮದುವೆಯಾದ. ಅವರ ಎಳೆಯ ಮಗ ಡೇವಿಡನನ್ನು ಮಣ್ಣುಮಾಡಿದ ಜಾಗ ಇಂದಿನ ಚೆನ್ನೈನ ಹೈಕೋರ್ಟು ಆವರಣದಲ್ಲಿದೆ. ಕಂಪನಿಯ ಸಂಬಳ ಅಲ್ಪ; ಖಾಸಗಿ ವ್ಯಾಪಾರದಿಂದ, ವಿಶೇಷವಾಗಿ ವಜ್ರದ ವ್ಯಾಪಾರದಿಂದ ಆತ ಗಳಿಸಿದ ಸಂಪತ್ತು ಅಪಾರ. ಆತ ಸದಸ್ಯನಾಗಿದ್ದ ಕೋಟೆಯ ಆಡಳಿತಮಂಡಲಿ ಗುಲಾಮರ ಸಾಗಣೆಯಲ್ಲಿಯೂ ಕೈಯಾಡಿಸಿತ್ತು. ಅಕ್ರಮದ ಆಪಾದನೆ ಬಂದು 1692ರಲ್ಲಿ ಪದವಿ ಹೋಯಿತು. 1699ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದ.

1701ರಲ್ಲಿ ಕನೆಕ್ಟಿಕಟ್ಟಿನಲ್ಲಿ ಆರಂಭವಾಗಿ, ತರುವಾಯ ನ್ಯೂ ಹೇವನ್ನಿಗೆ ಬಂದ ಬಡ ಪಾಠಶಾಲೆಯೊಂದಕ್ಕೆ ಕಟ್ಟಡವಿರಲಿಲ್ಲ. 1718ರಲ್ಲಿ ಮುದುಕನಾಗಿದ್ದ ಎಲಿಹುವಿಗೆ ಪತ್ರ ಬರೆದು ಧನಸಹಾಯ ಬೇಡಿದವನು ಅದೇ ಕಾಟನ್ ಮ್ಯಾಥರ್. ಸಂಸ್ಥೆಗೆ ನಿಮ್ಮ ಹೆಸರಿಟ್ಟರೆ ಮಕ್ಕಳಿಗಿಂತ ಹೆಚ್ಚು ಕಾಲ ಹೆಸರು ನಿಲ್ಲುತ್ತದೆ ಎಂಬ ಭಾವದ ಆಸೆಯನ್ನೂ ಹುಟ್ಟಿಸಿದ. ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆ ಒಂದನೆಯ ಜಾರ್ಜನ ಚಿತ್ರಪಟ, ಇಷ್ಟು ಎಲಿಹು ಕಳುಹಿಸಿದ ಕಾಣಿಕೆ. ಮೂಟೆಗಳಲ್ಲಿ ಕ್ಯಾಲಿಕೋ, ಮಸ್ಲಿನ್ ಬಟ್ಟೆಗಳಿದ್ದುವು. ಸರಕು ಬಾಸ್ಟನ್ನಿನಲ್ಲಿ ಸುಮಾರು 562 ಪೌಂಡಿಗೆ ಮಾರಾಟವಾಯಿತು. ಕಾಲೇಜಿಗೆ ಯೇಲ್ ಎಂಬ ಹೆಸರಾಯಿತು.

ಎಲಿಹು 1721ರಲ್ಲಿ ತೀರಿಕೊಂಡ; ರೆಕ್ಸಮ್ ಚರ್ಚಿನ ಅಂಗಳದಲ್ಲಿ ಆತನ ಸಮಾಧಿಯಿದೆ. ಆತನಿಗೆ ಗಂಡುಮಕ್ಕಳು ಉಳಿಯಲಿಲ್ಲ. ಅಮೆರಿಕದಲ್ಲಿ ಯೇಲ್ ಹೆಸರನ್ನು ಬೆಳೆಸಿದುದು ನ್ಯೂ ಹೇವನ್ನಿನಲ್ಲೇ ನೆಲೆನಿಂತ ಆತನ ಚಿಕ್ಕಪ್ಪ ಥಾಮಸನ ಸಂತತಿ. ಬೀಗದ ಲೈನಸ್ ಯೇಲ್ ಆ ಶಾಖೆಯವನು.

ವಂಶದ ಪಟ್ಟಿಯಲ್ಲಿ ಬಿಟ್ಟುಹೋದವರ ಕಡೆಗೆ ವಿದ್ಯಾಲಯ ತಡವಾಗಿ ಕಣ್ಣು ಹಾಯಿಸಿತು. ತನ್ನ ಆದಿಕಾಲದಲ್ಲಿ ಗುಲಾಮಗಿರಿಯೊಡನೆ ಇದ್ದ ಸಂಬಂಧಕ್ಕಾಗಿ 2024ರ ಫೆಬ್ರವರಿಯಲ್ಲಿ ಅದು ಬಹಿರಂಗವಾಗಿ ಕ್ಷಮೆ ಕೇಳಿತು. ಯೇಲ್ ಕಾಲೇಜಿನ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳು ಕಾಲಿಟ್ಟುದು 1969ರಲ್ಲಿ. ಒಂದು ಪುಸ್ತಕ ಓದಿ ಅಜ್ಜಿ ಬಹಿಷ್ಕಾರಕ್ಕೆ ಗುರಿಯಾದ ಊರಿನಲ್ಲಿ, ಓದಿ ಬರೆದು ಸೋದರತ್ತೆ ಹುಚ್ಚಿ ಎನ್ನಿಸಿಕೊಂಡ 324 ವರ್ಷಗಳ ಮೇಲೆ, ಆ ಮನೆಯ ಹೆಸರಿನ ಗ್ರಂಥಭಂಡಾರದ ಮೇಜಿನ ಮುಂದೆ ಹುಡುಗಿಯರು ಪುಸ್ತಕ ಬಿಡಿಸಿ ಕುಳಿತರು.