ಕುರಿಮಂದೆಗೆ ನೀಲಿ ನಾಲಗೆಯ ಬೇನೆ

ಮಂಗಳಕಾರ್ಯಗಳಲ್ಲಿ ಹಸೆಗೆ, ಗದ್ದುಗೆಗೆ ಕರಿಕಂಬಳಿ ಹಾಸುವುದು ನಮ್ಮ ಸೀಮೆಯ ವಾಡಿಕೆ. ಕೊಯ್ದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಬದಲಿಗೆ ಕಾಳು ಅಳೆದುಕೊಡುವುದು ನಮ್ಮ ಒಕ್ಕಲುತನದ ಭಾಗ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದ ವೀರಗೊಲ್ಲಾಳನೂ ಶರಣನೇ ಅಲ್ಲವೆ? ಆದ್ದರಿಂದ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಬಳ್ಳಾರಿ ತಳಿಯ ಕುರಿಗಳನ್ನು ಕಾಡಬಲ್ಲ ನೀಲಿ ನಾಲಗೆ ರೋಗವನ್ನು ಕುರುಬ ಬಂಧುಗಳೊಬ್ಬರ ಕಷ್ಟವೆಂದು ನಾವು ಬಗೆಯಲಾಗದು.

ದಕ್ಷಿಣ ಆಫ್ರಿಕದಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗ ನಮ್ಮ ದೇಶದಲ್ಲಿ ವರದಿಯಾದದ್ದು 1964ರಲ್ಲಿ, ಮಹಾರಾಷ್ಟ್ರದಿಂದ. 2006ರಲ್ಲಿ ಅದು ಹಾಲೆಂಡ್, ಬೆಲ್ಜಿಯಂಗಳಂಥ ಚಳಿನಾಡುಗಳನ್ನೂ ಹೊಕ್ಕಿತು.

ಒಂದು ಕುರಿ ಮತ್ತೊಂದನ್ನು ಮುಟ್ಟಿದುದರಿಂದ ಇದು ಸಾಮಾನ್ಯವಾಗಿ ಹರಡುವುದಿಲ್ಲ. ಕ್ಯೂಲಿಕಾಯ್ಡಿಸ್ ಎಂಬ, ಸಾಸಿವೆಗಿಂತ ದೊಡ್ಡದಲ್ಲದ ನುಸಿ ಕಚ್ಚಿ ವೈರಾಣುವನ್ನು ದಾಟಿಸುತ್ತದೆ. ಕೆಸರು, ಹಸಿ ಸಗಣಿ ಅದರ ತವರು. ಮುಸ್ಸಂಜೆ, ನಸುಕು ಅದರ ವೇಳೆ. ನಾವು ಕೈಮುಗಿದು ಬೇಡಿಕೊಂಡ ಮಳೆ ಚೆನ್ನಾಗಿ ಸುರಿದ ವರ್ಷವೇ ಕುರಿಗೆ ಕೇಡಿನ ವರ್ಷವಾಗುವುದು ಎಂಥ ವಿಪರ್ಯಾಸ! ದನ, ಎಮ್ಮೆಗಳ ರಕ್ತದಲ್ಲಿಯೂ ಈ ವೈರಾಣು ವಾರಗಟ್ಟಲೆ ಇರುತ್ತದೆ. ಆದರೆ ಅವು ಬಹುಮಟ್ಟಿಗೆ ಆರೋಗ್ಯವಾಗಿಯೇ ಕಾಣುತ್ತವೆ. ಕುರಿಯ ಬೇನೆಗೆ ನಮ್ಮ ಕೊಟ್ಟಿಗೆಯೂ ಆಸರೆಯಾಗಬಹುದೆಂಬುದನ್ನು ಎಷ್ಟು ಜನ ಬಲ್ಲರು?

ಮೊದಲು ಬಿರುಜ್ವರ. ಬಳಿಕ ತುಟಿ, ಮುಖ ಬಾತು, ಮೂಗಿನಿಂದ ಸಿಂಬಳ ಸುರಿದು ಹೆಪ್ಪುಗಟ್ಟುತ್ತದೆ. ಬಾಯಿ ಹುಣ್ಣಾಗಿ ನಾಲಗೆ ಊದಿಕೊಳ್ಳುತ್ತದೆ; ಕೆಲವಕ್ಕೆ ಮಾತ್ರ ಅದು ನೀಲಿಗಟ್ಟುತ್ತದೆ. ಗೊರಸಿನ ಮೇಲಂಚು ಕೆಂಪಾಗಿ ಕುರಿ ಕುಂಟುತ್ತದೆ. ಊರಿಂದೂರಿಗೆ ನಡೆದೇ ಬದುಕುವ ಮಂದೆಗೆ ಇದಕ್ಕಿಂತ ದೊಡ್ಡ ಹೊಡೆತವಿಲ್ಲ: ಮೇವು ಎದುರಿಗಿದ್ದರೂ ಮೇಯಲು ಬಾಯಿಲ್ಲ, ಮುಂದಿನ ಊರಿಗೆ ಹೋಗಲು ಕಾಲಿಲ್ಲ. ಗಬ್ಬದ ಕುರಿಗಳು ಕಂದು ಹಾಕುತ್ತವೆ. ಬದುಕಿ ಉಳಿದವುಗಳ ಉಣ್ಣೆಯೂ ಉದುರುತ್ತದೆ. ಸಾಲ ತಂದು ಮರಿ ಕೊಂಡವನ ಸ್ಥಿತಿಯನ್ನು ಹೇಳಬೇಕಾಗಿಲ್ಲ.

ಮನುಷ್ಯರಿಗೆ ಈ ರೋಗ ತಗಲುವುದಿಲ್ಲ. ಹೀಗಿದ್ದೂ ಕೆಲವೆಡೆ ಬೇನೆಯ ಮಂದೆಯನ್ನು ಊರ ಬಾವಿಯ ಬಳಿ ಸುಳಿಯಗೊಡದಿರುವುದು ನಮಗೆ ಸರಿಕಾಣದು.

ವೈರಾಣುವನ್ನೇ ಕೊಲ್ಲುವ ಔಷಧಿಯಿಲ್ಲ. ನೆರಳಿನಲ್ಲಿ ಕಟ್ಟಿ, ಬಾಯಿ ತೊಳೆದು, ತೆಳುಗಂಜಿ ಕುಡಿಸಬೇಕು. ಹುಣ್ಣು ಕೀವಾಗದಂತೆ ಪಶುವೈದ್ಯರಿಂದ ಮದ್ದು ಕೊಡಿಸಬೇಕು. ಐದು ಬಗೆಯ ವೈರಾಣುಗಳ ವಿರುದ್ಧ ಭಾರತದಲ್ಲಿಯೇ ಸಿದ್ಧವಾದ ಲಸಿಕೆಯುಂಟು. ಅದನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು. ನಾಲಗೆ ಊದಿದ ಮೇಲೆ ಓಡಾಡಿದರೆ ಫಲವಿಲ್ಲ. ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವವರು ಕೆಸರಿಲ್ಲದ ದಿಬ್ಬದ ಜಾಗವನ್ನು ಬಿಟ್ಟುಕೊಡಲಿ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿಕೊಳ್ಳಲು ನಾಲ್ಕು ಕೊಂಬೆಗಳನ್ನೂ ಕೊಡಲಿ.