ಹೂವೂ ಚೆನ್ನಾಗಿದೆ, ಬಕೆಟ್ಟೂ ಚೆನ್ನಾಗಿದೆ

ಎರಡು ವರ್ಷದ ಹಿಂದಿನ ಆಷಾಢದಲ್ಲಿ ನಮ್ಮ ಹಿತ್ತಲಲ್ಲಿ ಬ್ರಹ್ಮಕಮಲ ಅರಳಿತು. ರಾತ್ರಿ ಎಂಟೂವರೆಗೆ ಬಾಯಿ ಬಿಡಲು ಶುರುಮಾಡಿದ್ದು ಹನ್ನೊಂದರ ಹೊತ್ತಿಗೆ ತಟ್ಟೆಯಗಲವಾಯಿತು. ಅಕ್ಕಪಕ್ಕದವರು ಬಂದರು. ಒಬ್ಬರು ಅರಿಶಿನ ಕುಂಕುಮ ಇಟ್ಟರು, ಇನ್ನೊಬ್ಬರು ಕುಂಡದಲ್ಲಿ ಊದುಬತ್ತಿ ಸಿಕ್ಕಿಸಿದರು, ಆಮೇಲೆ ಎಲ್ಲರೂ ಮೊಬೈಲು ಎತ್ತಿ ಹಿಡಿದರು. ನಾನೂ ಇಪ್ಪತ್ತೋ ಮೂವತ್ತೋ ಫೋಟೊ ತೆಗೆದು, ಅದರಲ್ಲೊಂದನ್ನು ಆರಿಸಿ ಬಂಧುಬಳಗಕ್ಕೆಲ್ಲ ಕಳಿಸಿದೆ. ಬೆಳಗಾಗುವಷ್ಟರಲ್ಲಿ ನಲವತ್ತು ಜನ ಕೈಮುಗಿದಿದ್ದರು. ಹೂವು ಅಷ್ಟುಹೊತ್ತಿಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಪಕ್ಕದ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ನಲವತ್ತು ವರ್ಷದಿಂದ ಕ್ಯಾಮೆರಾ ಹಿಡಿದವರು, ಅದರಿಂದ ಒಂದು ಕಾಸೂ ಸಂಪಾದಿಸದವರು. ಅವರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ತಂದು ಒಂದು ನಿಮಿಷ ನೋಡಿದರು. “ಹೂವೂ ಚೆನ್ನಾಗಿದೆ, ಬಕೆಟ್ಟೂ ಚೆನ್ನಾಗಿದೆ” ಎಂದರು.

ಬಕೆಟ್ಟು? ಇತ್ತು. ಹೂವಿನ ಹಿಂದೆ ನೀಲಿ ಪ್ಲಾಸ್ಟಿಕ್ ಬಕೆಟ್ಟು, ಫ್ಲ್ಯಾಷಿನ ಬೆಳಕಿಗೆ ಹೂವಿಗಿಂತ ಹೆಚ್ಚು ಮಿಂಚುತ್ತ ಕೂತಿತ್ತು. ಕೈಮುಗಿದ ನಲವತ್ತು ಜನರಲ್ಲಿ ಒಬ್ಬರೂ ಅದನ್ನು ಹೇಳಿರಲಿಲ್ಲ. ತೆಗೆದ ನನಗೇ ಕಂಡಿರಲಿಲ್ಲ. ಹವ್ಯಾಸಿ ಛಾಯಾಗ್ರಾಹಕರ ಲೋಕಕ್ಕೆ ನಾನು ಕಾಲಿಟ್ಟದ್ದು ಆ ಬಕೆಟ್ಟಿನ ಮೂಲಕ.

ಆ ಲೋಕಕ್ಕೆ ಬೆಂಗಳೂರಿನಲ್ಲೊಂದು ವಿಳಾಸವಿದೆ. ನೃಪತುಂಗ ರಸ್ತೆಯ ರಾಜ್ಯ ಯುವ ಕೇಂದ್ರದಲ್ಲಿರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿ, ಎಲ್ಲರ ಬಾಯಲ್ಲಿ ‘ವೈಪಿಎಸ್’. 1971ರಲ್ಲಿ ಫೋಟೊ ಹುಚ್ಚಿನ ಒಂದಿಷ್ಟು ಯುವಕರು ಸೇರಿ ಕಟ್ಟಿದ ಸಂಘ. ಹೆಸರಿನಲ್ಲಿರುವ ‘ಯೂತ್’ ಹಾಗೆಯೇ ಉಳಿದಿದೆ, ಹಳೆಯ ಸದಸ್ಯರ ತಲೆಗೂದಲು ಮಾತ್ರ ಕಾಲಕ್ಕೆ ತಕ್ಕಂತೆ ನಡೆದುಕೊಂಡಿದೆ. ಮದುವೆ ಫೋಟೊ, ಪಾಸ್‌ಪೋರ್ಟ್ ಫೋಟೊ ತೆಗೆದು ಬದುಕುವವರ ಸಂಘ ಇದಲ್ಲ. ವಾರವೆಲ್ಲ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು, ರಜಾ ದಿನ ಬೆಳಗಿನ ಜಾವಕ್ಕೆ ಎದ್ದು ಕೆರೆ ಏರಿಯ ಮೇಲೆ ಬೋರಲು ಮಲಗುವ ಜನರದು. ಅವರ ಮನೆಯವರ ಅಭಿಪ್ರಾಯ ಬೇರೆ ಲೇಖನಕ್ಕೆ ವಸ್ತು.

ಈ ಹುಚ್ಚು 1971ಕ್ಕಿಂತ ಹಳೆಯದು. 1950ರಲ್ಲಿ ಯುರೋಪಿನಲ್ಲಿ ಹವ್ಯಾಸಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ‘ಎಫ್‌ಐಎಪಿ’ ಹುಟ್ಟಿತು. ಎರಡೇ ವರ್ಷಕ್ಕೆ, 1952ರಲ್ಲಿ, ಡಾ. ಜಿ. ಥಾಮಸ್ ಮುಂದಾಳುತನದಲ್ಲಿ ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ ಬಂತು. ಆ ತಲೆಮಾರು, ಅದರ ಬೆನ್ನಿಗೆ ಬಂದ ತಲೆಮಾರುಗಳಲ್ಲಿ ಕರ್ನಾಟಕದ ಹೆಸರುಗಳು ದಂಡಿಯಾಗಿವೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಅವರ ಕಪ್ಪುಬಿಳುಪಿನ ಕಾಡು ಚಿತ್ರಗಳು ಇಂದಿಗೂ ಕಣ್ಣು ಹಿಡಿದು ನಿಲ್ಲಿಸುತ್ತವೆ. ಬಜೆಟ್ ಬರೆಯುವವರು ಬಿಸಿಲು ನೆರಳಿನ ಲೆಕ್ಕವನ್ನೂ ಅಷ್ಟೇ ಚೊಕ್ಕವಾಗಿ ಇಡಬಲ್ಲರು ಎಂಬುದಕ್ಕೆ ನನಗೆ ಗೊತ್ತಿರುವ ಒಂದೇ ಸಾಕ್ಷಿ ಅದು. ಮಲೆನಾಡಿನ ಮೂಡಿಗೆರೆಯಲ್ಲಿ ತೇಜಸ್ವಿಯವರು ಕಾಫಿ ತೋಟದ ನಡುವೆ ಹಕ್ಕಿಗಳಿಗಾಗಿ ಕ್ಯಾಮೆರಾ ಹೂಡಿ ಕಾದದ್ದಂತೂ ಕನ್ನಡ ಓದುವವರಿಗೆಲ್ಲ ಗೊತ್ತು.

ಪೆರುಮಾಳ್ ಅವರ ವಿಷಯ ತುಸು ನಿಂತು ಹೇಳಬೇಕು. 2017ರಲ್ಲಿ ತೀರಿಕೊಂಡ ಅವರಿಗೆ ವನ್ಯಜೀವಿ ಛಾಯಾಗ್ರಹಣದ ಅಕ್ಷರ ತಿದ್ದಿಸಿದವರು ಒ.ಸಿ. ಎಡ್ವರ್ಡ್ಸ್. ಪೆರುಮಾಳ್ ತಾವು ಕಲಿತದ್ದನ್ನು ಹಾಗೆಯೇ ಮುಂದಿನವರಿಗೆ ದಾಟಿಸಿದರು. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರಲ್ಲಿ ತಮ್ಮನ್ನು ಅವರ ಶಿಷ್ಯರೆಂದು ಕರೆದುಕೊಳ್ಳುವವರು ಬಹಳ ಮಂದಿ. ಇಲ್ಲಿ ಶಾಲೆ, ಶುಲ್ಕ, ಪ್ರಮಾಣಪತ್ರ ಯಾವುದೂ ಇರಲಿಲ್ಲ. ಒಬ್ಬರು ಚಿತ್ರ ಮುಂದಿಡುತ್ತಿದ್ದರು, ಇನ್ನೊಬ್ಬರು ನೋಡುತ್ತಿದ್ದರು. ಸಂಗೀತ ಮನೆಗಳಲ್ಲಿ ಪಾಠ ನಡೆಯುವ ಹಾಗೆ.

ರೀಲಿನ ಕಾಲದಲ್ಲಿ ಈ ನೋಡುವ ಕೆಲಸ ನಿಧಾನದ್ದು. ಒಂದು ರೋಲಿಗೆ 36 ಚಿತ್ರ, ಅದು ಮುಗಿಯಲು ಒಂದು ತಿಂಗಳಾದರೂ ಆಯಿತು. ಬಚ್ಚಲುಮನೆಯ ಕಿಟಕಿಗೆ ಕರಿ ಕಾಗದ ಅಂಟಿಸಿದರೆ ಅದೇ ಡಾರ್ಕ್‌ರೂಮು. ಒಂದು ಪ್ರಿಂಟು ಸರಿಯಾಗಲು ನಾಲ್ಕು ಹಾಳೆ ಹಾಳು. ಅಷ್ಟು ಕಷ್ಟದಿಂದ ಬಂದ ಪ್ರಿಂಟನ್ನು ಹತ್ತು ಜನರ ಮುಂದಿಟ್ಟಾಗ ಯಾರೂ ಅದನ್ನು ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿ ಮುಂದೆ ಹೋಗುತ್ತಿರಲಿಲ್ಲ. ಕೈಯಿಂದ ಕೈಗೆ ದಾಟಿಸುತ್ತಿದ್ದರು, ಅಂಚು ನೋಡುತ್ತಿದ್ದರು, ತಲೆಕೆಳಗು ಮಾಡಿಯೂ ನೋಡುತ್ತಿದ್ದರು. ಬೆಳಕು ಎಲ್ಲಿ ಭಾರವಾಗಿದೆ ಎಂದು ತಿಳಿಯಲು ಇವತ್ತಿಗೂ ಅದಕ್ಕಿಂತ ಸುಲಭದ ಉಪಾಯವಿಲ್ಲ.

ಈಗಲೂ ಕೂಟಗಳಲ್ಲಿ ನಡೆಯುವುದು ಅದೇ, ಪರದೆ ಬಂದಿದೆ ಅಷ್ಟೆ. ಸದಸ್ಯರು ಒಂದೆರಡು ಚಿತ್ರ ತರುತ್ತಾರೆ, ದೀಪ ಆರುತ್ತದೆ, ಮಾತು ಶುರುವಾಗುತ್ತದೆ. ಮೊದಲ ಮಾತು ಹೊಗಳಿಕೆಯದೇ ಇರುತ್ತದೆ: “ಲೈಟು ಸಕತ್ತಾಗಿ ಸಿಕ್ಕಿದೆ.” ಆಮೇಲೆ ಮೆಲ್ಲಗೆ: “ಬಾಲದ ತುದಿ ಕಟ್ ಆಯ್ತಲ್ರೀ.” “ಇನ್ನೊಂದು ಹೆಜ್ಜೆ ಎಡಕ್ಕೆ ಹೋಗಿದ್ರೆ ಆ ಕಡ್ಡಿ ತಲೆಯೊಳಗಿಂದ ಬರ್ತಿರ್ಲಿಲ್ಲ.” “ಕಣ್ಣು ಫೋಕಸ್ಸಲ್ಲಿಲ್ಲ, ಮೂಗಿದೆ.” ಮೊದಮೊದಲು ಹೊಟ್ಟೆ ಚುರುಕ್ ಅನ್ನುತ್ತದೆ. ಮೂರನೆಯ ತಿಂಗಳಿಗೆ, ಯಾರೂ ತಪ್ಪು ಹೇಳದಿದ್ದರೆ ‘ನನ್ನ ಚಿತ್ರ ಇವರು ನೋಡಲೇ ಇಲ್ಲವೇ’ ಎಂದು ಅನುಮಾನ ಬರತೊಡಗುತ್ತದೆ.

ಇದಕ್ಕೆ ಹೋಲಿಸಿದರೆ ‘ಸಲಾನ್’ ಎಂದು ಕರೆಯುವ ಸ್ಪರ್ಧೆಗಳು ನನಗೆ ಅಷ್ಟು ರುಚಿಸುವುದಿಲ್ಲ. ಸಾಮಾನ್ಯವಾಗಿ ಮೂವರು ತೀರ್ಪುಗಾರರು, ಒಂದೊಂದು ಚಿತ್ರಕ್ಕೆ ಕೆಲವೇ ಸೆಕೆಂಡು, ಒಂದಂಕಿ, ಮುಂದಿನದು. ‘ಆಕ್ಸೆಪ್ಟೆನ್ಸ್’, ಅಂದರೆ ಆಯ್ಕೆಯಾದ ಚಿತ್ರಗಳ ಲೆಕ್ಕ, ಸಾಕಷ್ಟು ಕೂಡಿದರೆ ಹೆಸರಿನ ಹಿಂದೆ ಎಎಫ್‌ಐಎಪಿ, ಇಎಫ್‌ಐಎಪಿ ಎಂಬ ಬಾಲಗಳು ಬರುತ್ತವೆ, ಲಗ್ನಪತ್ರಿಕೆಯಲ್ಲಿ ವರನ ಡಿಗ್ರಿ ಹಾಕಿಸಿದಂತೆ. ಅದರಿಂದ ಹುರುಪು ಬರುವವರಿಗೆ ಬರಲಿ. ಆದರೆ ಸಲಾನಿನಿಂದ ವಾಪಸು ಬಂದ ಚಿತ್ರ ಯಾಕೆ ಬಂತು ಎಂದು ಆ ಅಂಕಿ ಹೇಳುವುದಿಲ್ಲ. ಆರಿದ ಕಾಫಿ ಕೈಯಲ್ಲಿ ಹಿಡಿದು ಹೇಳುವವರು ಕೂಟದ ಗೆಳೆಯರೇ.

ಸಲಾನಿನ ನಿಯಮಾವಳಿಯಲ್ಲಿ ನನ್ನಂಥ ಹಿತ್ತಲ ಛಾಯಾಗ್ರಾಹಕನನ್ನು ಬೆಚ್ಚಿಬೀಳಿಸಿದ ಒಂದು ಸಂಗತಿಯಿದೆ. ‘ನೇಚರ್’ ವಿಭಾಗಕ್ಕೆ ಎಫ್‌ಐಎಪಿ, ಅಮೆರಿಕದ ಛಾಯಾಗ್ರಾಹಕರ ಸಂಘ ಪಿಎಸ್‌ಎ, 1853ರಲ್ಲಿ ಹುಟ್ಟಿದ ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ, ಮೂರೂ ಒಪ್ಪಿದ ಒಂದು ವ್ಯಾಖ್ಯೆಯಿದೆ. ಅದರ ಪ್ರಕಾರ ಮನುಷ್ಯ ಬೆಳೆಸಿದ ಗಿಡ, ತಳಿಬೆರಕೆ ಮಾಡಿದ ಹೂವು, ಸಾಕುಪ್ರಾಣಿ ಯಾವುದೂ ಪ್ರಕೃತಿಯಲ್ಲ. ಅಂದರೆ ಗುಲಾಬಿ ಪ್ರಕೃತಿಯಲ್ಲ! ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯೋತ್ಸವಕ್ಕೆ ಲಾಲ್‌ಬಾಗಿನ ಗಾಜಿನ ಮನೆಯೊಳಗೆ ತುಂಬುವ ಹೂರಾಶಿಯಲ್ಲಿ ಒಂದು ಎಸಳೂ ಈ ವಿಭಾಗಕ್ಕೆ ಸಲ್ಲದು. ಅಲ್ಲೇ ಕೆರೆಯಲ್ಲಿ ರೆಕ್ಕೆ ಒಣಗಿಸುತ್ತ ಕೂತ ನೀರುಕಾಗೆ ಸಲ್ಲುತ್ತದೆ. ನಮ್ಮ ಬ್ರಹ್ಮಕಮಲಕ್ಕಂತೂ ಎರಡು ಪೆಟ್ಟು. ಕುಂಡದ್ದು ಎಂಬುದು ಒಂದು. ಹಿಮಾಲಯದ ನಿಜವಾದ ಬ್ರಹ್ಮಕಮಲವೇ ಬೇರೆ, ನಾವು ಕುಂಕುಮ ಇಡುವುದು ಮೆಕ್ಸಿಕೊ ಕಡೆಯಿಂದ ಬಂದ ಒಂದು ಕಳ್ಳಿಗೆ ಎಂಬುದು ಇನ್ನೊಂದು. ಇದನ್ನು ಮನೆಯಲ್ಲಿ ನಾನಿನ್ನೂ ಹೇಳಿಲ್ಲ.

ಮನುಷ್ಯನ ಗುರುತು ಚಿತ್ರದಲ್ಲಿರಬಾರದು ಎಂದೂ ನಿಯಮ ಹೇಳುತ್ತದೆ. ಆದರೆ ಮನುಷ್ಯರ ನಡುವೆ ಬದುಕಲು ಕಲಿತ ಜೀವಿಗಳಿಗೆ, ಅಂದರೆ ಕಟ್ಟಡದಲ್ಲಿ ವಾಸಿಸುವ ಕಣಜ ಗೂಬೆಗೆ, ಸೂರಿನ ಮೇಲೆ ಗೂಡು ಕಟ್ಟುವ ಕೊಕ್ಕರೆಗೆ ರಿಯಾಯಿತಿ ಇದೆ. ಯುರೋಪಿನವರು ಅವರ ಕೊಕ್ಕರೆಯನ್ನು ನೆನೆದು ಬರೆದದ್ದಿರಬಹುದು, ನನಗೆ ಮಾತ್ರ ಓದಿದೊಡನೆ ಕಂಡದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಊರೊಳಗಿನ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಸಂಸಾರ. ಚಿತ್ರದ ಚೌಕಟ್ಟಿನಲ್ಲಿ ಹೆಂಚಿನ ಮನೆಯೊಂದು ಇಣುಕದಿದ್ದರೆ ಅದು ಆ ಊರೇ ಅಲ್ಲ.

ಹಾಗಾದರೆ ಕುಂಡದ ಕರಿಬೇವಿನ ಮೇಲೆ ತಾನಾಗಿ ಬಂದು ಕೂತ ಚಿಟ್ಟೆ? ಗಿಡ ನೆಟ್ಟದ್ದು, ಚಿಟ್ಟೆ ಬಂದದ್ದು. ಈ ವಾದ ಎಷ್ಟು ಸಲ ಎಬ್ಬಿಸಿದರೂ ಮುಗಿಯುವುದಿಲ್ಲ, ಮುಗಿಯಬೇಕೆಂದು ಯಾರಿಗೂ ಆಸೆಯಿದ್ದಂತಿಲ್ಲ.

ನಿಯಮ ಏನೇ ಹೇಳಲಿ, ಹವ್ಯಾಸಿಗೆ ಹಿತ್ತಲಿನಂಥ ಪಾಠಶಾಲೆ ಇನ್ನೊಂದಿಲ್ಲ. ಬಂಡೀಪುರದ ಹುಲಿ ಹತ್ತು ಸಲ ಹೋದರೆ ಒಂದು ಸಲ ಕಂಡೀತು. ಕರಿಬೇವಿನ ಎಲೆ ತಿನ್ನುವ ಹುಳ ಅಲ್ಲೇ ಇರುತ್ತದೆ. ಸಣ್ಣದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುವ ಇದು ದೊಡ್ಡದಾದ ಮೇಲೆ ಹಸಿರು ಬಣ್ಣ ತಾಳುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಬಣ್ಣದ ಕೊಂಬು ಚಾಚಿ ಘಾಟು ಹರಡುತ್ತದೆ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಮರಿ ಅದು. ಒಗ್ಗರಣೆಗೆ ಎಲೆ ಕೀಳುವವರು ಚಿವುಟಿ ಎಸೆಯುತ್ತಿದ್ದ ಹುಳಕ್ಕೆ, ಫೋಟೊ ಹುಚ್ಚು ಹಿಡಿದ ಮನೆಗಳಲ್ಲಿ ಈಗ ಕಾವಲಿದೆ.

ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಚಿತ್ರಕ್ಕೆ ದುಬಾರಿ ಲೆನ್ಸೇ ಬೇಕೆಂದಿಲ್ಲ. ಹಳೆಯ 50 ಎಂಎಂ ಲೆನ್ಸನ್ನು ಒಂದು ರಿಂಗ್ ಹಾಕಿ ಹಿಂದುಮುಂದಾಗಿ ಸಿಕ್ಕಿಸಿ ತೆಗೆಯುವವರು ಬೇಕಾದಷ್ಟಿದ್ದಾರೆ. ಮೊಬೈಲಿಗೆ ಕ್ಲಿಪ್ ಲೆನ್ಸ್ ಸಿಕ್ಕಿಸುವವರೂ ಇದ್ದಾರೆ. ಕಷ್ಟ ಇರುವುದು ಫೋಕಸ್ಸಿನಲ್ಲಿ. ಅಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಮೂಡುವ ಆಳ ಒಂದೆರಡು ಮಿಲಿಮೀಟರ್. ಜಿಗಿಯುವ ಜೇಡನಿಗೆ ಎಂಟು ಕಣ್ಣು, ಮುಂದಿನ ಎರಡು ದೊಡ್ಡವು ಸ್ಪಷ್ಟ ಬಂದರೆ ಉಳಿದವನ್ನು ಯಾರೂ ಕೇಳುವುದಿಲ್ಲ. ಉಸಿರು ಬಿಟ್ಟರೂ ಚಿತ್ರ ಅಲುಗುತ್ತದೆ. ಅದಕ್ಕೇ ಸೂರ್ಯ ಮೇಲೇರುವ ಮೊದಲೇ ಹೊರಡುವುದು: ಗಾಳಿ ಕಡಿಮೆ, ಮೈ ಕಾಯದ ಹುಳುಗಳು ಜಡವಾಗಿ ಕೂತಿರುತ್ತವೆ, ಜೇಡರ ಬಲೆಯಲ್ಲಿ ಇಬ್ಬನಿ ಇರುತ್ತದೆ.

ಬಣ್ಣಗಳ ಕಾಟ ಬೇರೆ. ಕೆಂಪು ದಾಸವಾಳವನ್ನು ಬಿಸಿಲಲ್ಲಿ ತೆಗೆದರೆ ಎಸಳಿನ ಗೆರೆಗಳೆಲ್ಲ ಅಳಿಸಿ ಕೆಂಪು ಬಣ್ಣ ಬಳಿದ ಹಾಗಾಗುತ್ತದೆ. ಮೋಡದ ದಿನ ತೆಗೆಯಿರಿ, ಬೆಳಕು ತುಸು ಇಳಿಸಿ ತೆಗೆಯಿರಿ ಎಂದು ಯಾರಾದರೂ ಹೇಳುವವರೆಗೆ ತಪ್ಪು ಹೂವಿನದೇ ಅಂದುಕೊಂಡಿರುತ್ತೇವೆ. ಬಿಳಿ ಹೂವಿನದು ಇನ್ನೂ ತಮಾಷೆ. ಚೌಕಟ್ಟು ತುಂಬ ಹೂವಿದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ. ಸುತ್ತ ಕತ್ತಲಿದ್ದು ನಡುವೆ ಹೂವಿದ್ದರೆ ಸುಣ್ಣದ ಉಂಡೆ ಮಾಡುತ್ತದೆ. ನನ್ನ ಬ್ರಹ್ಮಕಮಲ ಸುಣ್ಣದ ಉಂಡೆಯೇ ಆಗಿತ್ತು ಎಂದು ಬಕೆಟ್ಟಿನ ಗಲಾಟೆ ತಣ್ಣಗಾದ ಮೇಲೆ ಹಿರಿಯರು ಎರಡನೆಯ ಕಂತಿನಲ್ಲಿ ಹೇಳಿದರು.

ಈ ಬಳಗ ಮೆತ್ತಗೆ ಮಾತಾಡದ ವಿಷಯವೂ ಒಂದಿದೆ: ಚಿತ್ರಕ್ಕಾಗಿ ಮಾಡುವ ಮೋಸ, ಕೊಡುವ ಹಿಂಸೆ. ಗುಲಾಬಿಯ ಮೇಲೆ ಗ್ಲಿಸರಿನ್ ಬೆರೆಸಿದ ನೀರು ಚಿಮುಕಿಸಿ ‘ಇಬ್ಬನಿ’ ಎಂದರೆ ನಕ್ಕು ಬಿಟ್ಟಾರು. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಜಡ ಮಾಡಿ ತಂದು ಎಲೆಯ ಮೇಲೆ ಕೂರಿಸಿದ್ದು ಗೊತ್ತಾದರೆ ನಗುವುದಿಲ್ಲ. ಗೂಡಿನಲ್ಲಿ ಮರಿಗೆ ಗುಟುಕು ಕೊಡುವ ಚಿತ್ರ ಒಂದು ಕಾಲಕ್ಕೆ ಹಕ್ಕಿ ಛಾಯಾಗ್ರಹಣದ ಹೆಮ್ಮೆಯೇ ಆಗಿತ್ತು. ಈಗ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಮುಟ್ಟುವುದಿಲ್ಲ. ಚಿತ್ರಕ್ಕಾಗಿ ಮರೆಯ ಕೊಂಬೆ ಸರಿಸಿದರೆ ಕಾಗೆಗೆ ದಾರಿ ತೋರಿಸಿದಂತೆ. ನೇಚರ್ ವಿಭಾಗದಲ್ಲಿ ಚಿತ್ರದಿಂದ ಏನನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ, ಅಂಚು ಕತ್ತರಿಸಬಹುದು ಅಷ್ಟೆ.

ಈ ಕೊನೆಯ ನಿಯಮ ನನಗೆ ತಾಗಿದ್ದು ಕಳೆದ ವರ್ಷ. ಬ್ರಹ್ಮಕಮಲ ಮತ್ತೆ ಅರಳಿತು. ಬಕೆಟ್ಟನ್ನು ಮಧ್ಯಾಹ್ನವೇ ಒಳಗಿಟ್ಟಿದ್ದೆ, ಫ್ಲ್ಯಾಷ್ ಬಿಟ್ಟು ಪಕ್ಕದಿಂದ ಟಾರ್ಚಿಗೆ ಬಿಳಿ ಕರ್ಚೀಫು ಸುತ್ತಿ ಬೆಳಕು ಕೊಟ್ಟಿದ್ದೆ, ಎಸಳಿನ ನರನರವೂ ಬಂದಿತ್ತು. ಬಲಗಡೆ ಮೇಲೆ ಕಂದು ಬಣ್ಣದ ಮಸುಕೊಂದು ಬಿದ್ದಿತ್ತು, ಅದನ್ನು ಅಳಿಸಿ ಎಲ್ಲರಿಗೂ ಕಳಿಸೋಣ ಎಂದುಕೊಂಡು ಮೊದಲು ಹಿರಿಯರ ಹತ್ತಿರ ಹೋದೆ. ಅವರು ಹೂವು ನೋಡಲೇ ಇಲ್ಲ. ಎರಡು ಬೆರಳಿನಿಂದ ಆ ಮಸುಕನ್ನೇ ಹಿಗ್ಗಿಸಿ, “ಪತಂಗ ಬಂದಿತ್ತೇನ್ರೀ?” ಎಂದರು. ರಾತ್ರಿ ಅರಳುವ ಬಿಳಿ ಹೂವು ಪರಿಮಳ ಬಿಡುವುದು ನಮಗಾಗಿ ಅಲ್ಲ, ಕತ್ತಲಲ್ಲಿ ಹಾರುವವರಿಗಾಗಿ ಎಂದು ಆವತ್ತು ಗೊತ್ತಾಯಿತು. ಕುಂಕುಮ, ಊದುಬತ್ತಿ, ಹತ್ತು ಮೊಬೈಲುಗಳ ನಡುವೆ ಅದು ಬಂದು ಹೋದದ್ದು ನಾವ್ಯಾರೂ ನೋಡಿರಲಿಲ್ಲ.

ಈ ಸಲ ಅಕ್ಕಪಕ್ಕದವರಿಗೆ ಎಂಟು ಗಂಟೆಗೆ ಬರಲು ಹೇಳಿದ್ದೇವೆ, ಒಂಬತ್ತಕ್ಕೆ ದೀಪ ಆರಿಸುತ್ತೇವೆ. ಹಿರಿಯರು ಮಡಚುವ ಕುರ್ಚಿ ತಂದು ಆಗಲೇ ಹಿತ್ತಲಲ್ಲಿ ಇಟ್ಟಿದ್ದಾರೆ. ಜೋತುಬಿದ್ದಿದ್ದ ಮೊಗ್ಗಿನ ಕತ್ತು ನಿನ್ನೆಯಿಂದ ಮೇಲಕ್ಕೆ ಬಾಗತೊಡಗಿದೆ.