ಕಚೇರಿ ಬಿಟ್ಟು ಕದಲದ ಹಳೇ ಬ್ರೌಸರ್

ದಕ್ಷಿಣ ಕೊರಿಯಾದ ಗ್ಯೊಂಗ್ಜು ಸಿಲ್ಲಾ ಅರಸರ ಹಳೆಯ ರಾಜಧಾನಿ. ಹುಲ್ಲು ಹೊದ್ದ ದಿಬ್ಬಗಳಂಥ ರಾಜಸಮಾಧಿಗಳಿಗೆ ಹೆಸರಾದ ಊರು. 2022ರ ಜೂನ್‌ನಲ್ಲಿ ಈ ಊರಿನ ಕಾಫಿ ಅಂಗಡಿಯೊಂದರ ತಾರಸಿಯ ಮೇಲೆ ಹೊಸದೊಂದು ಸಮಾಧಿಕಲ್ಲು ಎದ್ದಿತು. ಅದರ ಮೇಲಿದ್ದುದು ಯಾವ ಅರಸನ ಹೆಸರೂ ಅಲ್ಲ, ಇಂಗ್ಲಿಷಿನ ‘ಇ’ ಅಕ್ಷರದ ಗುರುತು. ಜನನ 1995, ಮರಣ 2022. ಮೈಕ್ರೋಸಾಫ್ಟ್ ಕಂಪನಿಯ ‘ಇಂಟರ್‌ನೆಟ್ ಎಕ್ಸ್‌ಪ್ಲೋರರ್’ ಬ್ರೌಸರ್ ಆ ತಿಂಗಳ 15ರಂದು ನಿವೃತ್ತವಾಗಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಕೈಯಿಂದ 4 ಲಕ್ಷ 30 ಸಾವಿರ ವೊನ್ ಖರ್ಚು ಮಾಡಿ ಆ ಕಲ್ಲು ಕೆತ್ತಿಸಿದ್ದರು. ಬೇರೆ ಬ್ರೌಸರ್‌ಗಳನ್ನು ಇಳಿಸಿಕೊಳ್ಳಲು ಇದು ಒಳ್ಳೆಯ ಸಾಧನವಾಗಿತ್ತು ಎಂಬ ಕುಚೋದ್ಯದ ಮಾತನ್ನೂ ಅದರಲ್ಲಿ ಬರೆಸಿದ್ದರು.

ತಮಾಷೆ ಎನ್ನೋಣ. ಆದರೆ ಅದರ ಹಿಂದೆ ವರ್ಷಗಟ್ಟಲೆಯ ದಣಿವಿತ್ತು. ಒಂದೇ ಪುಟವನ್ನು ಉಳಿದೆಲ್ಲ ಬ್ರೌಸರ್‌ಗಳಿಗೆ ಒಮ್ಮೆ, ಎಕ್ಸ್‌ಪ್ಲೋರರ್‌ಗೆಂದೇ ಇನ್ನೊಮ್ಮೆ ತಿದ್ದುವುದು ಈ ವೃತ್ತಿಯವರ ನಿತ್ಯದ ಪಾಡಾಗಿತ್ತು. ಮನೆಯ ಕಂಪ್ಯೂಟರಿನಲ್ಲಿ ಬ್ರೌಸರ್ ಬದಲಿಸಲು ಐದು ನಿಮಿಷ ಸಾಕು. ಅನೇಕ ಕಚೇರಿಗಳಿಗೆ ಇಪ್ಪತ್ತು ವರ್ಷವೂ ಸಾಲಲಿಲ್ಲ. ಏಕೆ?

ಜಾಲತಾಣಗಳ ಪುಟಗಳನ್ನು ತರಿಸಿ ಪರದೆಯ ಮೇಲೆ ತೋರಿಸುವ ತಂತ್ರಾಂಶವೇ ಬ್ರೌಸರ್. ಎಕ್ಸ್‌ಪ್ಲೋರರಿನ 6ನೇ ಆವೃತ್ತಿ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆಗೆ ಬಂತು. ಪ್ರತಿಸ್ಪರ್ಧಿ ನೆಟ್‌ಸ್ಕೇಪ್ ಅಷ್ಟರಲ್ಲಿ ನೆಲಕಚ್ಚಿತ್ತು. ಅಖಾಡದಲ್ಲಿ ಎದುರಾಳಿ ಇಲ್ಲದ ಮೇಲೆ ಪೈಲ್ವಾನ ಸಾಮು ಮಾಡುವುದುಂಟೆ? 7ನೇ ಆವೃತ್ತಿ ಬರಲು 2006ರ ಅಕ್ಟೋಬರ್ ತನಕ ಕಾಯಬೇಕಾಯಿತು. ಈ ಐದು ವರ್ಷಗಳೇ ಕಂಪನಿಗಳು, ಬ್ಯಾಂಕುಗಳು, ಸರ್ಕಾರಿ ಇಲಾಖೆಗಳು ತಮ್ಮ ಹಾಜರಿ, ಸಂಬಳ, ದಾಸ್ತಾನು, ಖರೀದಿಯ ಲೆಕ್ಕಗಳನ್ನೆಲ್ಲ ಬ್ರೌಸರ್ ಮೂಲಕ ನಡೆಸಲು ಹೊರಟ ಕಾಲ. ಎಲ್ಲರ ಮೇಜಿನ ಮೇಲೂ ಇರುವುದು ಒಂದೇ ಬ್ರೌಸರ್ ಎಂದಮೇಲೆ ಅದಕ್ಕೆ ಹೊಂದುವಂತೆ ಬರೆದರಾಯಿತು ಎಂಬುದು ಅಂದಿನ ಲೆಕ್ಕಾಚಾರ. ಅಂದಿನ ಮಟ್ಟಿಗೆ ಅದು ತಪ್ಪೂ ಅಲ್ಲ.

ತೊಡಕು ಇದ್ದುದು ‘ಆಕ್ಟಿವ್‌ಎಕ್ಸ್’ ಎಂಬ ಸೌಲಭ್ಯದಲ್ಲಿ. ಪುಟದ ಜೊತೆಗೆ ಒಂದು ಪುಟ್ಟ ಪ್ರೋಗ್ರಾಮೂ ಬಂದು ಬಳಕೆದಾರನ ಕಂಪ್ಯೂಟರಿನಲ್ಲಿ ನೆಲೆಸುತ್ತಿತ್ತು. ಕಡತ ತೆರೆಯುವುದು, ಮುದ್ರಿಸುವುದು, ಕಾರ್ಡ್ ಓದುವುದು, ಸಹಿ ಹಾಕುವುದು ಎಲ್ಲವೂ ಅದರಿಂದ ಸಾಧ್ಯವಿತ್ತು. ಬೇರಾವ ಪ್ರಮುಖ ಬ್ರೌಸರೂ ಇದನ್ನು ಒಪ್ಪಿಕೊಳ್ಳಲಿಲ್ಲ. ಅಪರಿಚಿತ ಪ್ರೋಗ್ರಾಮಿಗೆ ಮನೆಯ ಕೀಲಿ ಕೊಟ್ಟಂತೆ ಎಂಬ ಆಕ್ಷೇಪ ಮೊದಲಿಂದಲೂ ಇತ್ತು.

ಅಳತೆಯ ತಕರಾರೂ ಇತ್ತು. ಮನೆ ಕೊಂಡವರಿಗೆ ‘ಕಾರ್ಪೆಟ್ ಏರಿಯಾ’, ‘ಬಿಲ್ಟ್‌ಅಪ್ ಏರಿಯಾ’ ಜಗಳ ಗೊತ್ತು. ಪುಟದಲ್ಲಿನ ಒಂದು ಚೌಕದ ಅಗಲ 300 ಎಂದರೆ ಒಳಗಿನ ಜಾಗ ಮಾತ್ರ ಎಂದು ಸರ್ವಮಾನ್ಯ ನಿಯಮ ಹೇಳುತ್ತಿತ್ತು. ವಿಂಡೋಸ್‌ನ ಎಕ್ಸ್‌ಪ್ಲೋರರ್ 5 ಗೋಡೆಯನ್ನೂ ಸೇರಿಸಿ 300 ಎಂದು ಅಳೆಯುತ್ತಿತ್ತು. 6ನೇ ಆವೃತ್ತಿ ನಿಯಮಕ್ಕೆ ಬಂತು. ಆದರೆ ಹಳೆಯ ಪುಟಗಳು ಕೆಡಬಾರದೆಂದು ಅವುಗಳಿಗಾಗಿ ಹಳೆಯ ಅಳತೆಪಟ್ಟಿಯನ್ನೂ ಜೇಬಿನಲ್ಲಿ ಇಟ್ಟುಕೊಂಡಿತು. ಹಳತನ್ನು ಹೊಸತರ ಒಳಗೇ ಸಾಕುವ ಪರಿಪಾಠ ಹೀಗೆ ಬೆಳೆಯಿತು.

ಈ ನಂಟು ಒಂದು ಇಡೀ ದೇಶವನ್ನು ಹೇಗೆ ಕಟ್ಟಿಹಾಕಿತು ಎಂಬುದಕ್ಕೆ ಕೊರಿಯಾವೇ ನಿದರ್ಶನ. 1990ರ ದಶಕದ ಕೊನೆಯವರೆಗೆ ಅಮೆರಿಕ ಬಲವಾದ ಗೂಢಲಿಪಿ ತಂತ್ರವನ್ನು ಹೊರದೇಶಗಳಿಗೆ ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಹೊರಗೆ ಹೋಗುವ ಬ್ರೌಸರ್‌ಗಳಲ್ಲಿ ಸಾಮಾನ್ಯವಾಗಿ ಇದ್ದುದು 40 ಬಿಟ್‌ನ ದುರ್ಬಲ ಬೀಗ. ಬ್ಯಾಂಕ್ ವ್ಯವಹಾರಕ್ಕೆ ಇದು ಸಾಲದೆಂದು ಕೊರಿಯನ್ನರು 1998ರಲ್ಲಿ ‘ಸೀಡ್’ ಎಂಬ 128 ಬಿಟ್‌ನ ಸ್ವಂತ ಗೂಢಲಿಪಿ ರೂಪಿಸಿದರು. ಸ್ವಾವಲಂಬನೆಯ ಈ ಹೆಜ್ಜೆಯನ್ನು ಯಾರೂ ಮೆಚ್ಚಬೇಕು. ಆದರೆ ಬ್ರೌಸರ್‌ಗಳಿಗೆ ಆ ಲಿಪಿ ಬಾರದು. ಕಲಿಸಲು ಪ್ರತ್ಯೇಕ ಪ್ರೋಗ್ರಾಮೇ ಬೇಕು. ನೆಟ್‌ಸ್ಕೇಪ್ ಮರೆಯಾದ ಮೇಲೆ ಉಳಿದ ದಾರಿ ಆಕ್ಟಿವ್‌ಎಕ್ಸ್ ಒಂದೇ. 1999ರ ಡಿಜಿಟಲ್ ಸಹಿ ಕಾಯ್ದೆಯ ನಂತರ ಬ್ಯಾಂಕು, ತೆರಿಗೆ, ಆನ್‌ಲೈನ್ ಖರೀದಿ ಎಲ್ಲದಕ್ಕೂ ಸಹಿಪತ್ರ ಬೇಕಾಯಿತು, ಸಹಿಪತ್ರಕ್ಕೆ ಎಕ್ಸ್‌ಪ್ಲೋರರ್ ಬೇಕಾಯಿತು. 2000ದ ಜನವರಿಯಲ್ಲಿ ಅಮೆರಿಕ ನಿರ್ಬಂಧ ಸಡಿಲಿಸಿತು. ರೋಗ ಹೋದರೂ ಪಥ್ಯ ನಿಲ್ಲಲಿಲ್ಲ.

2007ರಲ್ಲಿ ವಿಂಡೋಸ್ ವಿಸ್ತಾ ಬಂದು ಆಕ್ಟಿವ್‌ಎಕ್ಸ್ ಮೇಲೆ ಬಿಗಿ ಹೆಚ್ಚಿಸಿದಾಗ, ಬ್ಯಾಂಕ್ ಕೆಲಸ ಕೆಟ್ಟೀತು, ಸದ್ಯಕ್ಕೆ ಬದಲಿಸಬೇಡಿ ಎಂದು ಅಲ್ಲಿನ ಸರ್ಕಾರವೇ ನಾಗರಿಕರನ್ನು ಎಚ್ಚರಿಸಬೇಕಾಯಿತು. ಅದೇ ವರ್ಷ ಕಾನೂನು ಪ್ರಾಧ್ಯಾಪಕರೊಬ್ಬರು ಬೇರೆ ಬ್ರೌಸರ್‌ಗಳಿಗೂ ಅವಕಾಶ ಬೇಕೆಂದು ಕೋರ್ಟಿಗೆ ಹೋಗಿ ಸೋತರು. ಸರ್ಕಾರದ ಕಣ್ಣು ತೆರೆಸಿದ್ದು ವಾದವಲ್ಲ, ಟಿವಿ ಧಾರಾವಾಹಿ. ನಾಯಕಿ ತೊಟ್ಟಿದ್ದ ಕೋಟಿಗೆ ಮನಸೋತ ಚೀನಾದ ಪ್ರೇಕ್ಷಕರು ಕೊರಿಯಾದ ಜಾಲತಾಣಗಳಲ್ಲಿ ಅದನ್ನು ಕೊಳ್ಳಲಾರದೆ ಹೋದರು. ಇದನ್ನು ಸ್ವತಃ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೆ 2014ರ ಮಾರ್ಚ್‌ನಲ್ಲಿ ಸಭೆಯೊಂದರಲ್ಲಿ ಪ್ರಸ್ತಾಪಿಸಿದರು. ಆ ಸಹಿಪತ್ರಗಳ ವಿಶೇಷ ಸ್ಥಾನ ರದ್ದಾದದ್ದು 2020ರ ಡಿಸೆಂಬರ್‌ನಲ್ಲಿ.

ನಾವು ನಗುವಂತಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನ ಹಲವು ಭಾರತೀಯ ಭಾಷಾ ತಾಣಗಳು, ಕನ್ನಡದವೂ ಸೇರಿ, ಪುಟದೊಂದಿಗೇ ಫಾಂಟನ್ನೂ ಕಳಿಸುತ್ತಿದ್ದವು. ಎಕ್ಸ್‌ಪ್ಲೋರರಿನಲ್ಲಿ ಕನ್ನಡ ಮೂಡುತ್ತಿತ್ತು. ಬೇರೆ ಬ್ರೌಸರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ.

ಹಳೆಯದರಲ್ಲೇ ಉಳಿದರೆ ಏನಾಗುತ್ತದೆ? 2010ರ ಜನವರಿಯಲ್ಲಿ ಗೂಗಲ್ ತನ್ನ ಮೇಲೆ ದಾಳಿಯಾದುದನ್ನು ಬಹಿರಂಗಪಡಿಸಿತು. ದಾಳಿಕೋರರು ನುಸುಳಿದ್ದು ಎಕ್ಸ್‌ಪ್ಲೋರರಿನ ಒಂದು ರಂಧ್ರದ ಮೂಲಕ, ಗುರಿಯಾದದ್ದು 6ನೇ ಆವೃತ್ತಿ. ತೇಪೆ ಹಾಕುವವರೆಗೆ ಬೇರೆ ಬ್ರೌಸರ್ ಬಳಸಿ ಎಂದು ಜರ್ಮನಿ ಮತ್ತು ಫ್ರಾನ್ಸ್‌ನ ಸರ್ಕಾರಿ ಸಂಸ್ಥೆಗಳು ಸಲಹೆ ನೀಡಿದವು. ಬ್ರಿಟನ್ನಿನಲ್ಲಿ 6ನ್ನು ಕೈಬಿಡಿ ಎಂಬ ಮನವಿಗೆ ಸರ್ಕಾರ ಆ ವರ್ಷದ ಜುಲೈನಲ್ಲಿ ಕೊಟ್ಟ ಉತ್ತರ ಬೇರೆಯೇ: ಬದಲಾವಣೆ ಸುಲಭವಲ್ಲ, ಇರುವ ತಂತ್ರಾಂಶಗಳನ್ನೆಲ್ಲ ಮತ್ತೆ ಪರೀಕ್ಷಿಸಲು ತೆರಿಗೆದಾರರ ಹಣ ಬಹಳ ಬೇಕು. ಆ ಉತ್ತರವನ್ನು ಅಂದು ಹಲವರು ಗೇಲಿ ಮಾಡಿದರು. ನನಗೆ ಅದರಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಕಾಣುತ್ತದೆ. ಬ್ರೌಸರ್ ಪುಕ್ಕಟೆ, ಅದಕ್ಕೆ ಒಗ್ಗಿಸಿದ ಕೆಲಸ ಪುಕ್ಕಟೆಯಲ್ಲ. ಸಂಬಳದ ಪುಟ ತೆರೆಯದಿದ್ದರೆ ತಿಂಗಳ ಕೊನೆಗೆ ಉತ್ತರ ಹೇಳಬೇಕಾದವರು ಲೆಕ್ಕಪತ್ರ ವಿಭಾಗದವರು.

ಇತ್ತ ಹೊಸತಕ್ಕೆ ಹೋಗಲೂ ಬೇಕು, ಅತ್ತ ಹಳೆಯದು ನಡೆಯಲೂ ಬೇಕು. ಇದಕ್ಕೆ ಕಂಡುಕೊಂಡ ಉಪಾಯ, ಹೊಸ ಮನೆಯಲ್ಲಿ ಹಳತಕ್ಕೊಂದು ಕೋಣೆ. 2009ರ ವಿಂಡೋಸ್ 7ರ ಕೆಲವು ಆವೃತ್ತಿಗಳಿಗೆ, ಹಳೆಯ ಎಕ್ಸ್‌ಪಿಯನ್ನು ಒಳಗೇ ನಡೆಸಿಕೊಳ್ಳುವ ವ್ಯವಸ್ಥೆ ದೊರೆಯಿತು. 2014ರಲ್ಲಿ ಎಕ್ಸ್‌ಪ್ಲೋರರ್ 11ಕ್ಕೆ, ಆಯ್ದ ತಾಣಗಳ ಮುಂದೆ 8ನೇ ಆವೃತ್ತಿಯಂತೆ ವೇಷ ಹಾಕುವ ‘ಎಂಟರ್‌ಪ್ರೈಸ್ ಮೋಡ್’ ಬಂತು. ಈಗ ಮೈಕ್ರೋಸಾಫ್ಟಿನ ‘ಎಡ್ಜ್’ ಬ್ರೌಸರಿನಲ್ಲಿರುವುದು ‘ಐಇ ಮೋಡ್’. ಎಡ್ಜ್ ಎಂಬ ಒಂದೇ ಕಿಟಕಿಯಲ್ಲಿ ಸಾಮಾನ್ಯ ತಾಣಗಳು ಹೊಸ ಯಂತ್ರದಿಂದ ತೆರೆಯುತ್ತವೆ, ಪಟ್ಟಿಯಲ್ಲಿರುವ ತಾಣಗಳು ಮಾತ್ರ ಎಕ್ಸ್‌ಪ್ಲೋರರ್ 11ರ ಯಂತ್ರದಿಂದ.

ಆ ಪಟ್ಟಿಯೇ ಇಲ್ಲಿ ಮುಖ್ಯ. ಕಚೇರಿಯ ಕಂಪ್ಯೂಟರ್ ವಿಭಾಗ ಇದನ್ನು ಸಿದ್ಧಪಡಿಸಿ ಎಲ್ಲ ಕಂಪ್ಯೂಟರುಗಳಿಗೂ ಏಕಕಾಲಕ್ಕೆ ಹಂಚುತ್ತದೆ. ಯಾವ ವಿಳಾಸ, ಯಾವ ಆವೃತ್ತಿಯ ವೇಷ ಎಂದು ಪ್ರತಿ ಸಾಲಿನಲ್ಲೂ ನಮೂದಿಸಬೇಕು. ತಾಂತ್ರಿಕವಾಗಿ ಇದು ದೊಡ್ಡ ವಿದ್ಯೆಯೇನಲ್ಲ. ನಿಜವಾದ ಕಷ್ಟ ಹುಡುಕಾಟದ್ದು. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯ ಹೊತ್ತಿಗೆ ಮಾತ್ರ ತೆರೆಯುವ ಪುಟವೊಂದು ಯಾರ ನೆನಪಿಗೂ ಬಾರದೆ ಉಳಿದಿರುತ್ತದೆ. ಬರೆದುಕೊಟ್ಟ ಸಂಸ್ಥೆ ಬಾಗಿಲು ಹಾಕಿರುತ್ತದೆ, ಅದರ ಮೂಲ ಸಂಕೇತಗಳು ಯಾರ ಬಳಿಯೂ ಇರುವುದಿಲ್ಲ. ಲಾಗಿನ್ ಪುಟದ್ದು ಇನ್ನೊಂದು ಫಜೀತಿ. ಹೆಸರು, ಗುಪ್ತಪದ ಕೊಟ್ಟದ್ದು ಹೊಸ ಯಂತ್ರದಲ್ಲಿ, ಮುಂದಿನ ಪುಟ ತೆರೆದದ್ದು ಹಳೆಯದರಲ್ಲಿ ಎಂದಾದರೆ ಒಂದರ ಗುರುತು ಇನ್ನೊಂದಕ್ಕೆ ಸಿಗದೆ ‘ಮತ್ತೆ ಲಾಗಿನ್ ಆಗಿ’ ಎಂಬ ಸೂಚನೆ ಸುತ್ತುತ್ತಲೇ ಇರುತ್ತದೆ. ಅದಕ್ಕಾಗಿ ಲಾಗಿನ್ ಪುಟವನ್ನು ಪಟ್ಟಿಯಲ್ಲಿ ‘ತಟಸ್ಥ’ ಎಂದು ಗುರುತಿಸಬೇಕಾಗುತ್ತದೆ. ಆಗ ಅದು ಬಂದವರ ಯಂತ್ರದಲ್ಲೇ ತೆರೆದುಕೊಳ್ಳುತ್ತದೆ.

ಕೋಣೆ ಕೊಟ್ಟ ಮಾತ್ರಕ್ಕೆ ಹಳೆಯ ರಂಧ್ರಗಳು ತಾವಾಗಿ ಮುಚ್ಚುವುದಿಲ್ಲ. ಆದ್ದರಿಂದ ಪಟ್ಟಿ ಚಿಕ್ಕದಾದಷ್ಟೂ ಕ್ಷೇಮ. ಆದರೆ ಸಾಲು ಸೇರಿಸುವವರು ಇರುವಷ್ಟು ಅಳಿಸುವವರು ಇರುವುದಿಲ್ಲ. ಪುಟ ತೆರೆಯುತ್ತಿದೆ ಎಂದಮೇಲೆ ಅದನ್ನು ಹೊಸದಾಗಿ ಬರೆಸಲು ಹಣ ಕೇಳುವುದು ಹೇಗೆ? 2023ರ ಫೆಬ್ರುವರಿಯಲ್ಲಿ ಎಕ್ಸ್‌ಪ್ಲೋರರ್ 11 ಬಹುಪಾಲು ವಿಂಡೋಸ್ 10 ಕಂಪ್ಯೂಟರುಗಳಲ್ಲಿ ತೆರೆಯದಂತಾಯಿತು. ಐಇ ಮೋಡ್‌ಗೆ ಮಾತ್ರ ಕನಿಷ್ಠ 2029ರವರೆಗೆ ಬೆಂಬಲವುಂಟು, ನಿಲ್ಲಿಸುವ ಒಂದು ವರ್ಷ ಮೊದಲು ತಿಳಿಸಲಾಗುವುದು ಎಂದು ಮೈಕ್ರೋಸಾಫ್ಟ್ ಹೇಳಿದೆ.